ಹೊರಟ ಮನೆ

ನನ್ನ ಸವತಿ ಹೊನ್ನಾಜಮ್ಮ ಬೆಳಿಗ್ಗೆ ಎದ್ದವಳೇ, ಮುಖಕ್ಕೆ ನೀರು ಹಾಕಿಕೊಳ್ಳುವ ಮೊದಲೇ, ಹೊಸ್ತಿಲ ಹತ್ತಿರ ಮಂಡಿಯೂರಿ ಬಾಗಿಲುವಾಡದ ಬುಡಕ್ಕೆ ಮೂಗಿಟ್ಟು ಮೂಸುತ್ತಿದ್ದಳು. ಆಮೇಲೆ ಸೊಂಟ ಹಿಡಿದುಕೊಂಡು ಎದ್ದು, "ಇನ್ನೂ ಐತೆ ಕಣೆ ಕಹಿ. ಇನ್ನೂ ನಿನ್ನ ಮೋರೆ ನೋಡೋ ಕರ್ಮ ಐತೆ ನಂಗೆ," ಅನ್ನುವಳು. ನಾನು ಒಲೆಯ ಮುಂದಿನಿಂದ ಏಳದೆ, "ನಿನ್ನ ಮೂಗೇ ಕಹಿ ಅಕ್ಕ, ಮನೇದಲ್ಲ," ಅನ್ನುವೆ. ಅಲ್ಲಿಗೆ ನಮ್ಮ ಮನೆಯಲ್ಲಿ ಬೆಳಗಾದ ಲೆಕ್ಕ.

ನಮ್ಮ ಊರಲ್ಲಿ ಯಾರೂ ಮನೆ ಕಟ್ಟುವುದಿಲ್ಲ. ಕದ ಕೂರಿಸುವ ಬಡಗಿ ಇದ್ದಾನೆ, ನೆಲ ಬಡಿಯುವವರಿದ್ದಾರೆ. ಮನೆ ಮಾತ್ರ ಮನೆಯಿಂದಲೇ ಆಗಬೇಕು. ಹುಟ್ಟುವಾಗ ಗೋಡೆಯ ಜೊತೆಗೆ ಇಷ್ಟು ಅಂತ ಕಹಿ ಬಂದಿರುತ್ತದೆ, ಬೇವಿನ ತೊಗಟೆ ಜಜ್ಜಿದಂಥ ಒಂದು ವಾಸನೆ. ಮನೆ ಹೆರುವ ತನಕ ಅದು ಒಂದು ಚಿಟಿಕೆಯೂ ಹೆಚ್ಚುವುದಿಲ್ಲ. ಗೋಡೆಯ ಬುಡಕ್ಕೆ ದಿನವೂ ಬೆಲ್ಲದ ನೀರು ಹೊಯ್ದರೆ ಮನೆ ಕುಡಿಯುತ್ತದೆ, ಬೆಳೆಯುತ್ತದೆ. ನಡುಮನೆ ಒಂದು ಗೇಣು ಚಾಚುತ್ತದೆ, ಸೂರು ಏಳುತ್ತದೆ. ಇದ್ದ ಕಹಿಯೇ ಅಷ್ಟು ಅಗಲಕ್ಕೂ ಹರಡಿಕೊಳ್ಳಬೇಕಾಗಿ, ನೀರು ಹೆಚ್ಚಾದ ಸಾರಿನ ಉಪ್ಪಿನ ಹಾಗೆ, ತೆಳ್ಳಗಾಗುತ್ತಾ ಹೋಗುತ್ತದೆ. ಹೊಸ್ತಿಲಲ್ಲಿ ಮೂಗಿಗೆ ಕಹಿ ಸಿಗದೇ ಹೋದ ದಿನ 'ಮನೆ ಹೊರಟಿತು' ಅನ್ನುತ್ತೇವೆ. ಗೋಡೆಯಲ್ಲಿ ಎಲ್ಲೋ ಒಂದು ಕಡೆ ಎಳೆ ಹಲಸಿನಷ್ಟು ಉಬ್ಬು ಏಳುತ್ತದೆ. ಅದು ಗೂಡಾಗಿ, ಕೋಣೆಯಾಗಿ, ಕೊನೆಗೆ ನಡುವಿನ ಕತ್ತು ಬಿಗಿದುಕೊಂಡು ಮುಚ್ಚಿಹೋಗುತ್ತದೆ. ತಾಯಿಮನೆಯ ಗೋಡೆಯ ಮೇಲೆ ಬಳೆಯಂಥ ಒಂದು ಗುರುತು ಉಳಿಯುತ್ತದೆ, ಅದಕ್ಕೂ ಹೊಸದಾಗಿ ಒಂದಿಷ್ಟು ಕಹಿ ಸೇರುತ್ತದೆ. ಹೆಣ್ಣು ಕೇಳಲು ಬಂದವರು ಮೊದಲು ಆ ಬಳೆಗಳನ್ನೇ ಎಣಿಸುತ್ತಾರೆ. ಹೊರಡುವ ತನಕ ಮನೆ ಬಿಸಿಲಿಗೂ ಮಳೆಗೂ ನಮ್ಮ ಮಾತಿಗೂ ಅಂಜುತ್ತದೆ, ನಿಲ್ಲು ಅಂದರೆ ನಿಲ್ಲುತ್ತದೆ. ಹೊರಟ ಮೇಲೆ ಬಾಗಿಲಿಗೆ ಅಡ್ಡ ಮಲಗಿ ಅತ್ತರೂ ನಿಲ್ಲುವುದಿಲ್ಲ.

ಹುಟ್ಟಿದ ಮನೆಯನ್ನು ಖಾಲಿ ಬಿಡುವ ಹಾಗಿಲ್ಲ. ಹೊಸ ಮನೆಗೆ ಹೋಗಬೇಕಾದವರು ತಾಯಿಮನೆಗೆ ಎಲ್ಲರಿಗಿಂತ ಕಡೆಗೆ ಬಂದವರು. ಮಕ್ಕಳುಮರಿ ತುಂಬಿದ ಮನೆಯಲ್ಲಿ ಇದೊಂದು ಸಂಭ್ರಮ. ಹೊಸದಾಗಿ ಬಂದ ಸೊಸೆ, ಅವಳ ಗಂಡ, ಎರಡು ಚಾಪೆ, ಒಂದು ಕೊಡ, ಅಷ್ಟು ಹೊತ್ತುಕೊಂಡು ನಗುತ್ತಾ ದಾಟುತ್ತಾರೆ. ನಮ್ಮ ಮನೆಯಲ್ಲಿ ಇದ್ದವರು ಇಬ್ಬರೇ, ನಾನು ಮತ್ತು ಹೊನ್ನಾಜಮ್ಮ. ಕಡೆಗೆ ಬಂದವಳು ನಾನು.

ಅಕ್ಕನಿಗೆ ಮಕ್ಕಳಾಗಲಿಲ್ಲವೆಂದು ಯಜಮಾನರು ನನ್ನನ್ನು ತಂದರು. ನನಗೂ ಆಗಲಿಲ್ಲ. ಆಗ ಊರಿನವರು ಯಾರನ್ನು ನೋಡಿ ನಗಬೇಕೋ ಅವರನ್ನು ನೋಡಿ ನಕ್ಕರು. ಯಜಮಾನರು ತೀರಿಕೊಂಡು ಎಷ್ಟೋ ಕಾಲವಾಯಿತು. ನಾವಿಬ್ಬರೂ ಅವರಿಗಾಗಿ ಶುರು ಮಾಡಿದ ಜಗಳವನ್ನು ಅವರಿಲ್ಲದೆಯೂ ನಡೆಸಿಕೊಂಡು ಬಂದೆವು. ಸಾರಿಗೆ ಹುಣಸೆ ಜಾಸ್ತಿ ಅಂತ, ಸೀರೆ ಒಣಗಿಸಿದ ಜಾಗ ಸರಿಯಿಲ್ಲ ಅಂತ. ಬೇರೆ ಯಾರ ಹತ್ತಿರವೂ ಅಷ್ಟು ಮಾತಾಡಿದ್ದಿಲ್ಲ ನಾನು. "ಮನೆ ಹೊರಡ್ಲಿ, ನಿನ್ನ ಆಚೆಗೆ ತಳ್ಳಿ ಕಾಲು ಚಾಚ್ಕೊಂಡು ಮಲಗ್ತೀನಿ," ಅಂತ ಅವಳು ಹೇಳದ ದಿನವಿಲ್ಲ. "ಹೊಸ ಮನೇಲಿ ನಿನ್ನ ಗೊರಕೆ ಕೇಳಲ್ಲವಲ್ಲ, ಅಷ್ಟೇ ಸಾಕು ನಂಗೆ," ಅಂತ ನಾನೂ ಅನ್ನುತ್ತಿದ್ದೆ.

ಆದರೆ ಹೊಸ ಮನೆ ಅಂದರೆ ಏನು ಅಂತ ಇಬ್ಬರಿಗೂ ಗೊತ್ತಿತ್ತು. ಎಳೆ ಗೋಡೆಯಲ್ಲಿ ಕಹಿ ದಟ್ಟವಾಗಿರುತ್ತದೆ. ಅದು ತೆಳುವಾಗುವ ತನಕ ಒಳಗಿನವರು ತಾಯಿಮನೆಯವರ ಜೊತೆ ಮಾತಾಡುವ ಹಾಗಿಲ್ಲ. ಮಾತು ಹೋದ ಕಡೆಗೆ ಎಳೆ ಗೋಡೆ ವಾಲುತ್ತದೆ. ಕೆರೆ ಬೀದಿಯ ಮರಿಬಸವಿ ತಡೆಯಲಾರದೆ ಕಿಟಕಿಯಿಂದ ಅವ್ವನನ್ನು ಕೂಗಿ ಕರೆದು, ಬೆಳಗಾಗುವುದರಲ್ಲಿ ಗೋಡೆಯ ಕೆಳಗೆ ಸಿಕ್ಕಿದ್ದಳು. ತಾಯಿಮನೆ ಬಲಿತದ್ದು, ಹುಟ್ಟಿದ ಮನೆಗಿಂತ ಬೇಗ ಮತ್ತೆ ಹೊರಡುತ್ತದೆ. ಹುಟ್ಟಿದ ಮನೆ ಚಿಕ್ಕದು, ಅದು ಬೆಳೆದು ಕಹಿ ಕಳೆದುಕೊಳ್ಳುವುದು ನಿಧಾನ. ಹರೆಯದವರಿಗೆ ಪರವಾಗಿಲ್ಲ, ಕಾಯುತ್ತಾರೆ. ನನಗೆ ಆಗಲೇ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಅಕ್ಕ ನನಗಿಂತ ದೊಡ್ಡವಳು. ನಾನು ದಾಟಿದೆನೆಂದರೆ, ಅವಳ ದನಿಗೆ ಇನ್ನೊಮ್ಮೆ ಉತ್ತರ ಕೊಡುವ ದಿನ ನಮ್ಮಿಬ್ಬರ ಆಯುಸ್ಸಿನಲ್ಲಿ ಬರುತ್ತದೆಂದು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಯಜಮಾನರು ಹೋದ ಮೇಲೆ ನಾನು ಗಾಣದವರ ಜಗಲಿಯಲ್ಲಿ ನಡೆಯುತ್ತಿದ್ದ ರಾತ್ರಿ ಶಾಲೆಗೆ ಸೇರಿದ್ದೆ. ತಲೆ ನರೆತ ಮೇಲೆ ಕಲಿತ ಅಕ್ಷರ. ಬಾಯಿಬಿಟ್ಟು ಓದದಿದ್ದರೆ ತಲೆಗೆ ಹೋಗುತ್ತಿರಲಿಲ್ಲ. ಮನೆಗೆ ಬಂದು ಗೋಡೆಗೊರಗಿ, ಒಂದೊಂದೇ ಅಕ್ಷರ ಹೆಕ್ಕುತ್ತಾ, "ಉಂಡ ಮನೆ ಬೆಳೆಯುವುದು. ಬೆಳೆದ ಮನೆ ಹೊರಡುವುದು," ಅಂತ ಕೂಗಿಕೊಳ್ಳುತ್ತಿದ್ದೆ. ಅಕ್ಕ ಮೊರದಲ್ಲಿ ಅವರೆಕಾಳು ಆರಿಸುತ್ತಾ, "ಇದ ಹೇಳಿಕೊಡೋಕೆ ಮೇಷ್ಟ್ರು ಬೇರೆ ಬೇಕಾಗಿತ್ತಾ? ಕತ್ತೆಗೂ ಗೊತ್ತು," ಅನ್ನುವಳು. ನಾನು ಮತ್ತೆ ಓದುವೆ. ಅವಳು ಮತ್ತೆ ಬಯ್ಯುವಳು. ಕೇಳಿಸಿಕೊಳ್ಳುತ್ತಿದ್ದಾಳೆ ಅಂತ ನನಗೆ ಅನಿಸಲೇ ಇಲ್ಲ.

ಬೆಲ್ಲದ ನೀರು ಕಾಯಿಸುವುದು ನನ್ನ ಕೆಲಸ, ಗೋಡೆಗೆ ಹೊಯ್ಯುವುದು ಅವಳದು. ಯಜಮಾನರು ಇದ್ದಾಗಲೇ ಹಂಚಿಕೊಟ್ಟ ಕೆಲಸ. ಇಬ್ಬರೂ ಒಂದೇ ಪಾತ್ರೆ ಹಿಡಿದರೆ ಯಾರ ತಲೆಯ ಮೇಲಾದರೂ ಬೀಳುತ್ತದೆಂದು ಅವರಿಗೆ ಗೊತ್ತಿತ್ತು. ಆ ವರ್ಷ ಸುಗ್ಗಿ ಮುಗಿದ ಮೇಲೆ ಮನೆಯ ಸದ್ದು ಬದಲಾಯಿತು. ಉಂಡ ಗೋಡೆ ಮೆತ್ತಗಿರುತ್ತದೆ, ಲೋಟ ಬಿದ್ದರೂ ಸದ್ದು ಅಡಗಿಸಿಕೊಳ್ಳುತ್ತದೆ. ಈಗ ಸೌಟು ಇಟ್ಟರೂ ಟಣ್ಣೆಂದು ನಡುಮನೆಯ ತನಕ ಕೇಳುತ್ತಿತ್ತು. ಗೋಡೆಯ ಬುಡದಲ್ಲಿ ಯಾವಾಗಲೂ ಇರುತ್ತಿದ್ದ ನೊರೆ ಇಲ್ಲ, ಆ ಹುಳಿವಾಸನೆಯಿಲ್ಲ. ಇರುವೆಗಳೂ ಇಲ್ಲ. ಬೆಲ್ಲ ಕಾಯಿಸಿ ಕೊಡುತ್ತಿರುವುದು ನಾನೇ, ಪಾತ್ರೆ ಖಾಲಿಯಾಗಿ ಬರುತ್ತಿದೆ, ಹಾಗಾದರೆ ನೀರು ಹೋಯಿತೆಲ್ಲಿಗೆ?

ಮಾರಿಕೊಳ್ಳುತ್ತಿದ್ದಾಳೆ ಅಂದುಕೊಂಡೆ ಮೊದಲು. ಇಲ್ಲಾ, ತಾನೇ ಕುಡಿಯುತ್ತಿದ್ದಾಳೆ. ಮುದುಕಿಗೆ ಸಿಹಿಯ ಆಸೆ ಹೆಚ್ಚಾಗಿದೆ ಅಂತ ಒಳಗೊಳಗೇ ನಕ್ಕೆ. ಒಂದು ಬೆಳಿಗ್ಗೆ ಹಿತ್ತಿಲಿಗೆ ಹೋದಾಗ ಇರುವೆಗಳ ಸಾಲು ಕಪ್ಪು ದಾರದ ಹಾಗೆ ಮಂಜಾಗಿ ಕಂಡಿತು, ನಮ್ಮ ಗೋಡೆಗೆ ಬೆನ್ನು ಹಾಕಿ ಬೇಲಿಯ ಆಚೆಗೆ ಹೋಗುತ್ತಿದ್ದವು. ಹಿಂದೆಯೇ ಹೋದೆ. ಬೇಲಿಯಾಚೆ ಯಾರಿಗೂ ಸೇರದ ಒಂದು ಹೊಂಗೆ ಮರ. ಅದರ ಬುಡ ಒದ್ದೆಯಾಗಿ, ಅಂಟಂಟಾಗಿ, ಇರುವೆಗಳಿಂದ ಕಪ್ಪಾಗಿತ್ತು. ಮರ ಬೇಸಿಗೆಯಲ್ಲೂ ಹಸಿರಾಗಿ ಕೊಬ್ಬಿ ನಿಂತಿತ್ತು.

ಆ ಮರದ ಕೆಳಗೆ ನಿಂತಾಗ, ನಾನು ಕೂಗಿ ಓದಿದ ಪಾಠ ನನ್ನ ಕಿವಿಗೇ ಮತ್ತೆ ಕೇಳಿಸಿತು. ಉಂಡ ಮನೆ ಬೆಳೆಯುವುದು, ಬೆಳೆದ ಮನೆ ಹೊರಡುವುದು. ಉಣ್ಣದಿದ್ದರೆ?

ಒಳಗೆ ಬಂದು ಕೇಳಿದೆ. "ಅಕ್ಕ, ನಮ್ಮ ಗೋಡೆ ಹತ್ರ ಇರುವೇನೇ ಕಾಣ್ತಿಲ್ವಲ್ಲ?"

ಅವಳು ತಲೆ ಎತ್ತಲಿಲ್ಲ. "ಸ್ಕೂಲಲ್ಲಿ ಈಗ ಇರುವೆ ಕಾಯೋದೂ ಹೇಳಿಕೊಡ್ತಾರಾ? ಹೋಗು, ಒಲೆ ಮೇಲೆ ಹಾಲೈತೆ, ಉಕ್ತೈತೆ."

"ಹಿತ್ತಿಲ ಆಚೆ ಹೊಂಗೆ ಚೆನ್ನಾಗಿ ಬಂದೈತೆ."

"ಮರ ಅಂದ್ಮೇಲೆ ಬರಲ್ವಾ? ನೀನು ನೋಡ್ದೆ ಅಂತ ಬಾಡ್ಬೇಕಾಗಿತ್ತಾ?" ಅಂದವಳು, ಆರಿಸಿದ ಕಾಳನ್ನೇ ಮತ್ತೆ ಮೊರಕ್ಕೆ ಸುರಿದುಕೊಂಡು ಮೊದಲಿಂದ ಆರಿಸತೊಡಗಿದಳು.

ನಾನು ಮುಂದಕ್ಕೆ ಏನೂ ಕೇಳಲಿಲ್ಲ. ಮಾರನೆಯ ದಿನದಿಂದ ನೀರಿಗೆ ಬೆಲ್ಲ ಹಾಕುವಾಗ ಒಂದು ಉಂಡೆ ಕಡಿಮೆ ಹಾಕಿದೆ. ಆಮೇಲೆ ಇನ್ನೊಂದು. ಕಡೆಕಡೆಗೆ ನಾನು ಕೊಡುತ್ತಿದ್ದದ್ದು ಬರೀ ಬಿಸಿನೀರು. ಪಾತ್ರೆ ಹಿಡಿದುಕೊಂಡಾಗ ಅವಳಿಗೆ ಬಣ್ಣದಲ್ಲೇ ಗೊತ್ತಾಗಿರಬೇಕು. ಅವಳೂ ಏನೂ ಕೇಳಲಿಲ್ಲ. ಅಷ್ಟು ವರ್ಷದಲ್ಲಿ ನಾವಿಬ್ಬರೂ ಸೇರಿ ಮಾಡಿದ ಕೆಲಸ ಅದೊಂದೇ. ಬೆಳಿಗ್ಗೆ ಅವಳು ಹೊಸ್ತಿಲಿಗೆ ಬಗ್ಗುವಳು, "ಐತೆ ಕಣೆ, ಮೂಗು ಕಿತ್ತುಹೋಗೋ ಹಾಗೈತೆ," ಅಂತ ಗೊಣಗುವಳು. ಗೊಣಗುವಾಗ ಅವಳ ದನಿಯಲ್ಲಿ ಒಂದು ಗೆಲುವಿರುತ್ತಿತ್ತು. ಮನೆ ಸೊರಗಿತು. ಸೂರು ತಗ್ಗಿತು. ಸೊರಗಲಿ ಬಿಡು ಅಂದುಕೊಂಡೆ. ಎರಡು ಮುದುಕಿಯರಿಗೆ ಎಷ್ಟು ಎತ್ತರದ ಸೂರು ಬೇಕು?

ಉಬ್ಬನ್ನು ಮೊದಲು ನೋಡಿದವಳು ನಾನು. ದೇವರ ಗೂಡಿನ ಪಕ್ಕದಲ್ಲಿ, ಹಳೆಯ ಬಳೆಗಳು ಇಲ್ಲದ ಕಡೆ, ಒಂದು ನಿಂಬೆಹಣ್ಣಿನಷ್ಟು. ಕೈಯಿಟ್ಟರೆ ಬೆಚ್ಚಗಿತ್ತು. ಅಕ್ಕನನ್ನು ಕರೆದೆ. ಅವಳು ನೋಡಿದವಳೇ ಹೊಸ್ತಿಲಿಗೆ ಓಡಿ ಬಗ್ಗಿ ಮೂಸಿ, ಅಲ್ಲಿಂದಲೇ ಕೂಗಿದಳು. "ಕಹಿ ಐತಲ್ಲೇ! ಘಮ್ ಅಂತ ಐತೆ! ಹೆಂಗೆ ಹೊರಟೀತು ಅದು? ಸುಣ್ಣ ಉಬ್ಬಿರಬೇಕು, ನೋಡು ಸರಿಯಾಗಿ."

ಗೋಡೆ ಸೂಲಗಿತ್ತಿ ಕೆಂಪಾಜಿಯನ್ನು ಕರೆಸಿದೆವು. ಊರಿನ ಮನೆಗಳ ಹೆರಿಗೆಯೆಲ್ಲ ಅವಳ ಕೈಯಲ್ಲೇ. ಬಾಯಲ್ಲಿದ್ದ ಎಲೆಯಡಿಕೆ ಉಗಿದು ಬಂದು, ಉಬ್ಬಿಗೆ ಕಿವಿಯಿಟ್ಟು, ಬೆರಳಿನಿಂದ ಗೋಡೆ ತಟ್ಟಿ ನೋಡಿದಳು.

"ಹೊರಟೈತೆ ಕಣವ್ವ."

"ಕಹಿ ಹೋಗೇ ಇಲ್ಲ," ಅಂದಳು ಅಕ್ಕ. "ನಿನ್ನ ಮೂಗು ತಂದು ಇಲ್ಲಿಡು, ನೋಡು."

"ಕಹಿ ಐತೆ, ಇಲ್ಲ ಅಂದೋರ್ಯಾರು? ಹೊಟ್ಟೆ ತುಂಬಿದ ಮನೆ ಕಹಿ ಪೂರಾ ತೆಳ್ಳಗಾಗೋಗಂಟ ಕಾಯ್ತದೆ. ದೊಡ್ಡದಾಗಿ ಬೆಳ್ದು ಹೊರಡಾನ ಅಂತ. ಹಸಿದ ಮನೆ ಕಾಯಕಿಲ್ಲ. ಇನ್ನು ಬೆಳೆಯೋ ದಿನ ಬರಕಿಲ್ಲ ಅಂತ ಅದಕ್ಕೆ ಅನ್ನಿಸಿದ್ರೆ ಇದ್ದಷ್ಟರಲ್ಲೇ ಹೊರಟುಬುಡ್ತದೆ. ಬರ ಬಂದಾಗ ನಮ್ಮವ್ವ ಕಂಡಿದ್ಲಂತೆ, ಊರ ತುಂಬಾ ಕೋಳಿಗೂಡಿನಂಥ ಮನೆಗಳು." ಕೆಂಪಾಜಿ ಗೋಡೆಯನ್ನು ಇನ್ನೊಮ್ಮೆ ತಟ್ಟಿ, ಅದರ ಟೊಳ್ಳು ಸದ್ದಿಗೆ ಮುಖ ಕಿವುಚಿದಳು. "ಯಾಕವ್ವ, ಬೆಲ್ಲ ಹಾಕ್ತಿರಲಿಲ್ವಾ ಇದಕ್ಕೆ?"

ಅಕ್ಕ ನನ್ನನ್ನು ನೋಡಿದಳು. ನಾನು ನೆಲ ನೋಡಿದೆ.

"ಒಳ್ಳೇ ಮನೆ ಕಣವ್ವ ಇದು. ಚೆನ್ನಾಗಿ ಉಣಿಸಿದ್ರೆ ನಿಧಾನಕ್ಕೆ ಹೊರಟು, ನಡುಮನೆಯಷ್ಟು ದೊಡ್ಡ ಕೂಸು ಕೊಡ್ತಿತ್ತು. ನೀವಿಬ್ರೂ ಅದಕ್ಕೇ ದಾಟಿ, ಈ ಹಳೇದನ್ನ ಯಾರಾದ್ರೂ ಹೊಸ ಗಂಡ ಹೆಂಡ್ತಿಗೆ ಬುಟ್ಟುಕೊಡಬೋದಿತ್ತು. ಮಾಡ್ತಾರಲ್ಲ ಎಷ್ಟೋ ಜನ."

ಮಾಡುತ್ತಾರೆ. ನಮಗೂ ಗೊತ್ತಿತ್ತು. ನಮ್ಮ ಬೀದಿಯಲ್ಲೇ ಹಾಗೆ ದಾಟಿದ ಮನೆ ಎರಡಿದ್ದವು. ಆದರೆ ಆ ಮಾತನ್ನು ಇಬ್ಬರಲ್ಲಿ ಒಬ್ಬಳಾದರೂ ಬಾಯಿಬಿಟ್ಟು ಆಡಬೇಕಾಗಿತ್ತು. 'ನೀನೂ ಬಾ' ಅನ್ನಬೇಕಾಗಿತ್ತು. ಸವತಿಗೆ ಯಾರು ಹಾಗೆ ಹೇಳುತ್ತಾರೆ? ಅದನ್ನು ಹೇಳುವ ಬದಲು ನಾವು ಮನೆಯನ್ನು ಹಸಿವಿಗೆ ಹಾಕಿದ್ದೆವು.

ಆಮೇಲಿನ ದಿನಗಳನ್ನು ನೆನೆದರೆ ನಗು ಬರುತ್ತದೆ, ಆಮೇಲೆ ನಗು ನಿಲ್ಲುತ್ತದೆ. ಅಕ್ಕ ಯಾರ ಕೆಲಸ ಯಾರದು ಅನ್ನುವುದನ್ನು ಮರೆತು ತಾನೇ ಬೆಲ್ಲ ಕುಟ್ಟಿದಳು, ತಾನೇ ಕಾಯಿಸಿದಳು, ಪಾಕದಷ್ಟು ಗಟ್ಟಿ ಮಾಡಿ ಹೊತ್ತು ಹೊತ್ತಿಗೂ ಹೊಯ್ದಳು. "ಕುಡಿ, ಹಾಳಾದ್ದೆ, ಕುಡಿ," ಅಂತ ಗೋಡೆಗೆ ಬಯ್ಯುವಳು. ಗೋಡೆಯ ಬುಡದಲ್ಲಿ ನೊರೆ ಮೊಣಕಾಲುದ್ದ ಎದ್ದಿತು, ಊರಿನ ಇರುವೆಯೆಲ್ಲ ನಮ್ಮ ಮನೆಗೇ ಬಂತು. ಉಬ್ಬು ಬೆಳೆಯಿತು, ಗೂಡಾಯಿತು, ಒಳಗೆ ನೆಲ ಮೂಡಿತು. ಆದರೆ ಬಡಕಲು ತಾಯಿಯ ಮೈಯಿಂದ ಎಷ್ಟು ಬರಬಹುದೋ ಅಷ್ಟೇ ಬಂತು. ಕತ್ತು ಬಿಗಿಯಲು ಶುರುವಾದಾಗ ಅಕ್ಕ ಬಗ್ಗಿಕೊಂಡು ಒಳಗೆ ಹೋಗಿ ಅಂಗಾತ ಮಲಗಿ ನೋಡಿದಳು. ಅವಳ ಮಂಡಿಯಿಂದ ಕೆಳಗೆ ಪೂರ್ತಿ ಹೊರಗೆ, ನನ್ನ ಕಡೆಗೇ ಇತ್ತು.

"ಮಡಚ್ಕೋ ಅಕ್ಕ. ನಾನೂ ಮಡಚ್ಕೋತೀನಿ. ಹಿಡಿಸ್ತೀವಿ," ಅಂದೆ. ನಲವತ್ತು ವರ್ಷದಲ್ಲಿ ಹೇಳದ ಮಾತು ಹೀಗೆ ಅವಳ ಒಡೆದ ಹಿಮ್ಮಡಿಗಳನ್ನು ನೋಡಿಕೊಂಡು ಬಾಯಿಂದ ಬಂತು.

ಅವಳು ಒಳಗೇ ಮಂಡಿ ಮಡಚಿ ಎಳೆದುಕೊಂಡಳು. ಹೊರಗೆ ನಿಂತಿದ್ದ ಕೆಂಪಾಜಿಯೇ ಹೇಳಿದಳು, "ಆಗಕಿಲ್ಲ ಕಣ್ರವ್ವ. ಇಷ್ಟು ಸಣ್ಣ ಗೋಡೆ ಎರಡು ಉಸಿರು ತಡೆಯಕಿಲ್ಲ. ಬಿರಿದು ಬೀಳ್ತದೆ."

"ಹಂಗಾದ್ರೆ ನಾನೇ ಇಲ್ಲಿರ್ತೀನಿ," ಅಂತ ಅಕ್ಕ ಮಲಗಿದ್ದಲ್ಲಿಂದಲೇ ಅಂದಳು. "ಇವಳಿಗೆ ಕಣ್ಣು ಕಾಣಲ್ಲ, ಹೊಸ ಜಾಗದಲ್ಲಿ ಮುಗ್ಗರಿಸ್ತಾಳೆ. ಕಡೆಗೆ ಬಂದೋಳು ನಾನೇ ಅಂತ ಹೇಳಿಬುಡು ಕೆಂಪಾಜಿ. ಯಾರಿಗೆ ಗೊತ್ತಾಗ್ತದೆ?"

"ನಿನ್ನ ಮದುವೇಲಿ ನಾನು ಪಾಯಸ ಉಂಡಿವ್ನಿ, ಇವಳ ಮದುವೇಲಿ ನೀನು ಬಾವಿಗೆ ಬೀಳಾಕೆ ಹೋಗಿದ್ದನ್ನ ಹಿಡ್ಕೊಂಡಿವ್ನಿ. ಗೊತ್ತಾಗಕಿಲ್ವಂತೆ! ಏಳು ಮೇಲೆ."

ಕತ್ತು ಮುಚ್ಚುವ ದಿನ ನಾನು ಹೊಸ ಗೂಡಿನ ಕಡೆ ಕೂತೆ, ಅವಳು ತಾಯಿಮನೆಯ ಕಡೆ. ಅವಳು ಒಂದೊಂದೇ ಸಾಮಾನು ದಾಟಿಸಿದಳು. ಚಾಪೆ. ಸಣ್ಣ ಒಲೆ. ಒರಳು ದಾಟಲಿಲ್ಲ, ಅದಕ್ಕೆ ಬೈದಳು. ಹಿತ್ತಾಳೆ ಚೊಂಬು ಕೊಟ್ಟು, "ಇದು ನನ್ನ ತವರಿಂದು, ತೊಳೆಯೋವಾಗ ಬೂದಿ ಹಾಕು, ಮಣ್ಣು ಹಾಕ್ಬೇಡ," ಅಂದಳು. ಕತ್ತು ಮುಖದಷ್ಟಾಯಿತು. ಅವಳ ಮುಖ ಅಷ್ಟು ಹತ್ತಿರದಿಂದ ನಾನು ನೋಡಿದ್ದೇ ಇಲ್ಲ. ಪೊರೆ ಬಂದ ಕಣ್ಣಿಗೆ ಅದು ಬೆಳ್ಳಗೆ, ಮಂಜು ಮಂಜಾಗಿತ್ತು. ಇನ್ನೇನು ಹೇಳುತ್ತಾಳೋ ಅಂತ ಕಾದೆ. ಅವಳೂ ಕಾಯುತ್ತಿದ್ದಳೇನೋ. "ಅಗಳಿ ಬಿಗಿಯಾಗಿ ಹಾಕ್ಕೋ," ಅಂದಳು. ಆಮೇಲೆ ಕತ್ತು ಬಳೆಯಷ್ಟಾಗಿ, ಕಾಸಿನಷ್ಟಾಗಿ, ಗೋಡೆಯಾಯಿತು.

ಕಹಿ ಅಂದರೆ ಏನು ಅಂತ ಆ ರಾತ್ರಿ ತಿಳಿಯಿತು. ನೀರಿನಲ್ಲಿ, ಅನ್ನದಲ್ಲಿ, ನನ್ನ ಕೂದಲಲ್ಲಿ ಅದೇ. ಈ ಮನೆಯಲ್ಲಿ ಎರಡು ಹೆಜ್ಜೆಗೆ ಗೋಡೆ ಸಿಗುತ್ತದೆ, ಮುಗ್ಗರಿಸುವುದಕ್ಕೂ ಜಾಗವಿಲ್ಲ. ಗೋಡೆಗೆ ಬೆಲ್ಲದ ನೀರು ನಾನೇ ಕಾಯಿಸಿ ನಾನೇ ಹೊಯ್ಯುತ್ತೇನೆ. ಬೆಲ್ಲದಲ್ಲಿ ಜಿಪುಣತನ ಮಾಡುವುದಿಲ್ಲ. ಅದು ಕುಡಿಯುತ್ತದೆ. ಕೂದಲೆಳೆಯಷ್ಟು ಬೆಳೆಯುತ್ತದೋ ಇಲ್ಲವೋ ನನಗೆ ತಿಳಿಯುವುದಿಲ್ಲ. ಹೊಸ್ತಿಲಿಗೆ ಬಗ್ಗಿ ಮೂಸಿದರೆ ಏನೂ ಗೊತ್ತಾಗುವುದಿಲ್ಲ; ದಿನವಿಡೀ ಅದರಲ್ಲೇ ಇರುವವಳ ಮೂಗಿಗೆ ಕಹಿ ಯಾವುದು, ಗಾಳಿ ಯಾವುದು? ಅದಕ್ಕೆ ಇನ್ನೊಬ್ಬರು ಬೇಕು. ದಾರಿಯಲ್ಲಿ ಹೋಗುವ ಕೆಂಪಾಜಿಯನ್ನು ಕೂಗಿ ಮೂಸಿಸಿದರೆ, "ಅಯ್ಯೋ, ಹುಟ್ಟಿ ಇನ್ನೂ ಕಣ್ಣು ಬಿಟ್ಟಿಲ್ಲ, ಆಗ್ಲೇ ಕೇಳ್ತೀಯಲ್ಲ," ಅಂತ ನಗುತ್ತಾ ಹೋಗುತ್ತಾಳೆ. ಅವಳ ಜೊತೆ ಮಾತಾಡಬಹುದು, ತರಕಾರಿಯವಳ ಜೊತೆ ಮಾತಾಡಬಹುದು. ತರಕಾರಿಯವಳು ಹುಣಸೆಹಣ್ಣು ಕಡಿಮೆ ತೂಗಿದರೂ ನಾನು ಸುಮ್ಮನೆ ತೆಗೆದುಕೊಳ್ಳುತ್ತೇನೆ. ಜಗಳವಾಡುವ ಮನಸ್ಸಾಗುವುದಿಲ್ಲ.

ಮೊನ್ನೆ ಬೆಳಿಗ್ಗೆ ಹೊರಗೆ ಯಾರೋ ಸೊಂಟ ಹಿಡಿದುಕೊಂಡು ಕೂರುವ ನರಳಿಕೆ ಕೇಳಿಸಿತು. ಕಿಟಕಿಯ ಸಂದಿಯಿಂದ ನೋಡಿದೆ. ಅಕ್ಕ ನನ್ನ ಬಾಗಿಲ ಮುಂದಿನ ಕಲ್ಲಿನ ಮೇಲೆ, ಮನೆಗೆ ಬೆನ್ನು ಹಾಕಿ ಕೂತಿದ್ದಳು. ಬೀದಿಯಲ್ಲಿ ಯಾರದೋ ಕೋಳಿಯೊಂದು ಕೆರೆಯುತ್ತಿತ್ತು. ಅವಳು ಅದನ್ನೇ ನೋಡುತ್ತಾ ಜೋರಾಗಿ ಶುರು ಮಾಡಿದಳು.

"ಏನೇ ಕೋಳಿ, ಸಾಕಾಯ್ತಾ ನಿಂಗೆ? ದೊಡ್ಡ ಮನೆ ಬಿಟ್ಟು ಬಂದೆಯಲ್ಲ, ಮೆರೀತೀಯೇನೋ! ನಾನೇನು ಯಾರನ್ನೂ ಮಾತಾಡಿಸೋಕೆ ಬಂದಿಲ್ಲ, ಕೋಳಿ ಜೊತೆ ಮಾತಾಡ್ಬೇಡ ಅಂತ ಊರಲ್ಲಿ ಯಾರೂ ಹೇಳಿಲ್ಲ. ಸಾರಿಗೆ ಅಷ್ಟು ಹುಳಿ ಹಾಕ್ಬೇಡ ಅಂತ ಬಡ್ಕೊಂಡೆ, ಕೇಳಿದೆಯಾ? ಈಗ ಯಾರಿಗೆ ಹಾಕ್ತೀಯ? ನೆನ್ನೆ ನಿನ್ನ ಸೀರೆ ಬಿಸಿಲಲ್ಲೇ ಬಿಟ್ಟಿದ್ದೆಯಲ್ಲ, ಬಣ್ಣ ಹೋದ್ರೆ ಯಾರು ತಂದುಕೊಡ್ತಾರೆ ಇನ್ನೊಂದು? ರಾತ್ರಿ ಆ ಮನೇಲಿ ನಂಗೆ ನಿದ್ದೆ ಬರಲ್ಲ ಕಣೆ ಕೋಳಿ. ಗೊರಕೆ ಹೊಡೀತೀನಿ ಅಂತಿದ್ದೆ, ಸುಳ್ಳುಬುರುಕಿ, ಹೊಡೀತಿದ್ದೋಳು ನೀನು. ಈಗ ಗೊತ್ತಾಯ್ತು ನಂಗೆ. ನೀನು ಹೋದ್ಮೇಲೆ ಸದ್ದೇ ಇಲ್ಲ."

ಕೋಳಿ ಯಾವಾಗಲೋ ಹೊರಟುಹೋಗಿತ್ತು. ಅವಳು ಬಯ್ಯುತ್ತಲೇ ಇದ್ದಳು. ಅವಳ ದನಿ ಬಂದ ಕಡೆಯ ಗೋಡೆಯ ಮೇಲೆ ನಾನು ಅಂಗೈ ಊರಿ ನಿಂತಿದ್ದೆ. ಗೋಡೆ ಬೆಚ್ಚಗೆ, ಸಣ್ಣಗೆ ನಡುಗುತ್ತಿತ್ತು. ನನ್ನ ಬಾಯಿಂದ ಒಂದೇ ಒಂದು ಮಾತು ಹೋಗಿದ್ದರೆ ಅದು ಆ ಕಡೆಗೆ ಬಾಗುತ್ತಿತ್ತು, ಬಾಗಿ, ಕಲ್ಲಿನ ಮೇಲೆ ಕೂತವಳ ಮೇಲೆಯೇ ಬೀಳುತ್ತಿತ್ತು. ಸೆರಗನ್ನು ಬಾಯಿಗೆ ತುರುಕಿಕೊಂಡೆ. ಬಿಸಿಲು ಏರಿತು. ಅವಳು ಸೊಂಟ ಹಿಡಿದುಕೊಂಡು ಎದ್ದು, ಸೀರೆಯ ಹಿಂದಿನ ಧೂಳು ಕೊಡವಿಕೊಂಡು, ತಿರುಗಿ ನೋಡದೆ ಹೋದಳು. ಅವಳು ಅಂದದ್ದರಲ್ಲಿ ಒಂದೊಂದು ಮಾತಿಗೂ ನನ್ನ ಹತ್ತಿರ ಉತ್ತರವಿತ್ತು.